ಇಸಿಜಿ ನಾರ್ಮಲ್, ಆದರೂ ಬಸ್ಸು ಹತ್ತಲಾಗದು

ಎದೆ ಡವಗುಟ್ಟಿ, ಉಸಿರು ಕಟ್ಟಿ, ಕೈಕಾಲು ಜೋಮು ಹಿಡಿದು ‘ಇವತ್ತಿಗೆ ಮುಗೀತು’ ಎಂದು ಹೆದರಿ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವವರು ಕೋಲಾರ ತಾಲ್ಲೂಕಿನ ಸುಗಟೂರಿನಲ್ಲೂ ಇದ್ದಾರೆ, ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗೆ ಮೊದಲು ಆಗಬೇಕಾದದ್ದು ಇಸಿಜಿ. ಅದರಲ್ಲಿ ದೋಷ ಕಂಡರೆ ಮುಂದಿನ ದಾರಿಯನ್ನು ಸರ್ಕಾರ ಈಗ ಒಂದು ಮಟ್ಟಿಗೆ ಸಿದ್ಧಪಡಿಸಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲೇ ಸಿಗುತ್ತದೆ. ದೋಷ ಕಾಣದಿದ್ದರೆ? ‘ಏನೂ ಇಲ್ಲ, ಗ್ಯಾಸ್ ಇರಬೇಕು, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತಿನೊಂದಿಗೆ ಮನೆಗೆ ವಾಪಸ್. ಹೀಗೆ ಹಿಂತಿರುಗಿದವರಲ್ಲಿ ಒಂದು ಪಾಲು ಜನ ಮರುವಾರ ಅದೇ ಗಾಬರಿಯಲ್ಲಿ ಇನ್ನೊಂದು ಆಸ್ಪತ್ರೆಯ ಬಾಗಿಲಲ್ಲಿರುತ್ತಾರೆ. ಅವರಿಗೆ ದಾರಿ ಕಟ್ಟುವ ಕೆಲಸ ಇನ್ನೂ ಶುರುವಾಗಿಲ್ಲ.

ಇದು ಪ್ಯಾನಿಕ್ ಕಾಯಿಲೆ ಇರಬಹುದು. ಇದ್ದಕ್ಕಿದ್ದಂತೆ ಎರಗುವ ತೀವ್ರ ಭಯ ಹತ್ತು ನಿಮಿಷದೊಳಗೇ ತುದಿ ಮುಟ್ಟುತ್ತದೆ. ಎದೆಬಡಿತ, ಬೆವರು, ನಡುಕ, ಉಸಿರಾಟದ ಕಷ್ಟ, ಎದೆನೋವು, ಹೊಟ್ಟೆ ತೊಳಸು, ತಲೆಸುತ್ತು, ಜೋಮು, ಸಾಯುತ್ತೇನೆಂಬ ದಿಗಿಲು, ಹುಚ್ಚು ಹಿಡಿಯುತ್ತದೆಂಬ ದಿಗಿಲು... ಹೀಗೆ ವೈದ್ಯರ ಪಟ್ಟಿಯಲ್ಲಿ 13 ಲಕ್ಷಣಗಳಿವೆ. ಅವುಗಳಲ್ಲಿ ನಾಲ್ಕು ಒಟ್ಟಿಗೆ ಬಂದರೆ ಅದು ಪ್ಯಾನಿಕ್ ಅಟ್ಯಾಕ್. ಆದರೆ ಒಂದು ಅಟ್ಯಾಕ್ ಬಂದ ಮಾತ್ರಕ್ಕೆ ಕಾಯಿಲೆ ಅನ್ನುವುದಿಲ್ಲ. ಜೀವನದಲ್ಲಿ ಒಮ್ಮೆ ಹೀಗಾಗಿ ಮತ್ತೆಂದೂ ಆಗದವರು ಬಹಳ ಜನ. ಹೇಳದೆ ಕೇಳದೆ ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗಲೋ ಎಂಬ ಆತಂಕ ತಿಂಗಳು ದಾಟಿ ಉಳಿದರೆ, ಅಥವಾ ಆ ಭಯಕ್ಕೆ ನಡವಳಿಕೆಯೇ ಬದಲಾದರೆ ಆಗ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟದ್ದು 1980ರಲ್ಲಿ. ದಿನದ ಬದುಕು ಎಷ್ಟು ಕುಗ್ಗಿದೆ ಎಂಬ ಪ್ರಶ್ನೆ ಈ ಕಾಯಿಲೆಯ ಲಕ್ಷಣದೊಳಗೇ ಇದೆ ಎಂಬುದನ್ನು ನಾವು ಗಮನಿಸುವುದು ಕಡಿಮೆ.

ಆ ಕುಗ್ಗುವಿಕೆಯನ್ನು ಅಳೆಯಲು ಒಂದು ಪುಟ್ಟ ಪ್ರಶ್ನಾವಳಿ ಇದೆ. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ಯಾನಿಕ್ ತೀವ್ರತೆಯ ಮಾಪನ ಅದು. ನಂತರ ರೋಗಿಯೇ ತುಂಬುವ ರೂಪವೂ ಬಂತು. ಪ್ರಶ್ನೆಗಳು ಏಳೇ. ಕಳೆದ ಒಂದು ವಾರದಲ್ಲಿ ಎಷ್ಟು ಸಲ ಬಂತು, ಎಷ್ಟು ಕಂಗೆಡಿಸಿತು, ಮತ್ತೆ ಬರುತ್ತದೆಂಬ ಚಿಂತೆ ಎಷ್ಟು, ಯಾವ ಜಾಗಗಳನ್ನು ತಪ್ಪಿಸಿದಿರಿ, ಎದೆಬಡಿತ ಏರಿಸುವ ಯಾವ ಕೆಲಸ ಬಿಟ್ಟಿರಿ, ಮನೆಗೆಲಸ–ದುಡಿಮೆ ಎಷ್ಟು ಕೆಟ್ಟಿತು, ಜನರೊಡನೆ ಬೆರೆಯುವುದು ಎಷ್ಟು ಕಡಿಮೆಯಾಯಿತು. ಪ್ರತಿಯೊಂದಕ್ಕೂ 0ರಿಂದ 4 ಅಂಕ, ಒಟ್ಟು 28. ಏಳರಲ್ಲಿ ನಾಲ್ಕು ಪ್ರಶ್ನೆಗಳು ಬದುಕಿನ ಬಗ್ಗೆ! ಇದರ ಮಿತಿಯನ್ನೂ ಹೇಳಲೇಬೇಕು. ತೀವ್ರತೆ ತಿಳಿಯಲು ಹುಟ್ಟಿದ ಮಾಪನವಿದು, ಕಾಯಿಲೆ ಇದೆಯೆಂದು ತೀರ್ಮಾನಿಸಲು ಅಲ್ಲ. ಆ ತೀರ್ಮಾನ ವೈದ್ಯರದೇ.

ಹಾಗಿದ್ದೂ ಇಂಥ ಸ್ವಯಂ ತಪಾಸಣೆಯ ಹಾಳೆ ಸುಗಟೂರಿನ ಜನರ ಕೈಗೆ ಬರಬೇಕು ಎನ್ನುತ್ತೇನೆ. ಒಂದೇ ಷರತ್ತು: ಪ್ರಶ್ನೆಗಳು ಇಲ್ಲಿನ ಬದುಕಿನಿಂದ ಏಳಬೇಕು. ಮಾಲ್‌ಗೆ ಹೋಗಲು ಹೆದರುತ್ತೀರಾ, ಲಿಫ್ಟ್ ಹತ್ತಲು ಹೆದರುತ್ತೀರಾ ಎಂದು ಕೇಳಿದರೆ ಇಲ್ಲಿನ ಹೆಚ್ಚಿನವರ ಉತ್ತರ ಸೊನ್ನೆ. ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡರೆ ಅನ್ಯಾಯ. ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಮೋಟಾರು ಹಾಕಲು ತೋಟಕ್ಕೆ ಒಬ್ಬರೇ ಹೋಗುತ್ತೀರಾ, ಅಥವಾ ಈಗೀಗ ಮಗನನ್ನು ಎಬ್ಬಿಸಿಕೊಂಡು ಹೋಗುತ್ತೀರಾ? ಟೊಮೆಟೊ ಕ್ರೇಟು ಹೊರುವಾಗ ಎದೆ ಬಡಿದುಕೊಂಡಿತೆಂದು ಹೊರುವುದನ್ನೇ ಬಿಟ್ಟಿರಾ? ಕೋಲಾರದ ಮಂಡಿಗೆ ಮಾಲು ಹಾಕಲು ತಾವೇ ಹೋಗುತ್ತಿದ್ದವರು ಈಗ ಪಕ್ಕದ ತೋಟದವರ ಕೈಗೆ ಕೊಟ್ಟು ಕಳಿಸುತ್ತಿದ್ದೀರಾ? ಡೈರಿಯ ಸಾಲಿನಲ್ಲಿ ನಿಲ್ಲಲಾಗದೆ ಹಾಲು ಹಾಕಲು ಮಗುವನ್ನು ಕಳಿಸುತ್ತೀರಾ? ನರಸಾಪುರದ ಕಾರ್ಖಾನೆಯ ನೈಟ್ ಶಿಫ್ಟ್ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕೆನಿಸುತ್ತದೆಯಾ? ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂರುವ ಮೊದಲೇ ಹೊರಟುಬರುತ್ತೀರಾ?

ಈ ಪ್ರಶ್ನೆಗಳಿಗೆ ಉತ್ತರ ಕೊಡುವವರು ತಮ್ಮನ್ನು ಕಾಯಿಲೆಯವರೆಂದು ಭಾವಿಸಿರುವುದೇ ಇಲ್ಲ. ‘ಯಾಕೋ ಮೊದಲಿನ ಹಾಗೆ ಧೈರ್ಯ ಇಲ್ಲ’ ಎನ್ನುತ್ತಾರೆ, ಅಷ್ಟೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮರೆಯಾಗುತ್ತದೆ. ಗಂಡಸು ಮಂಡಿಗೆ ಹೋಗುವುದನ್ನು ಬಿಟ್ಟರೆ ವಾರದೊಳಗೆ ಊರಿಗೆ ತಿಳಿಯುತ್ತದೆ. ಸೊಸೆಯೊಬ್ಬಳು ಒಬ್ಬಳೇ ಬಸ್ಸು ಹತ್ತುವುದನ್ನು ನಿಲ್ಲಿಸಿದರೆ ‘ಮನೆಯಲ್ಲೇ ಇರ್ತಾಳೆ, ಒಳ್ಳೆಯ ಹುಡುಗಿ’ ಎಂಬ ಹೊಗಳಿಕೆ ಸಿಗುತ್ತದೆ. ಕಾಯಿಲೆಯೇ ಸದ್ಗುಣವಾಗಿ ಕಾಣುವ ಈ ಜಾಗದಲ್ಲಿ ಕೇಳುವವರು ಆಶಾ ಕಾರ್ಯಕರ್ತೆಯಾದರೆ ಮಾತ್ರ ನಿಜ ಹೊರಬರುತ್ತದೆ, ಅದೂ ಅತ್ತೆ ಪಕ್ಕದಲ್ಲಿಲ್ಲದಾಗ. ಈ ಸೀಮೆಯಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ಹಾಗಾಗಿ ಹಾಳೆ ಕನ್ನಡದಲ್ಲಿದ್ದರೂ ತೆಲುಗಿನಲ್ಲಿ ಓದಿ ಹೇಳುವ ಏರ್ಪಾಡು ಬೇಕು.

ಭಯ ಮೈಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಆ ಹಾಳೆಯ ಹಿಂಬದಿಯಲ್ಲಿ ಅಚ್ಚು ಹಾಕಬೇಕು. ಗಾಬರಿಯಾದಾಗ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ. ಉಸಿರು ಸಾಲದೆಂದು ಜೋರಾಗಿ ಎಳೆದುಕೊಳ್ಳುತ್ತೇವೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳು ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ. ಅದನ್ನು ಹೃದಯಾಘಾತವೆಂದು ಓದಿಕೊಂಡ ಮನಸ್ಸು ಮತ್ತಷ್ಟು ಹೆದರುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಈ ಸುತ್ತನ್ನೇ.

ಇಂಥ ಓದಿಕೆಗೆ ನಮ್ಮಲ್ಲಿ ಕಾರಣಗಳೂ ಇವೆ. 2021ರ ಅಕ್ಟೋಬರ್ 29ರಂದು ಪುನೀತ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ, ಮತ್ತೆ 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸರಣಿ ಸಾವುಗಳ ಸುದ್ದಿ ಹಬ್ಬಿದ ಮೇಲೆ, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆ ಜನರನ್ನು ಅತಿರೇಕದವರೆಂದು ತಳ್ಳಿಹಾಕುವುದು ತಪ್ಪು. ಎದೆನೋವು ಬಂದವರು ಮೊದಲು ಹೃದಯವನ್ನೇ ಪರೀಕ್ಷಿಸಿಕೊಳ್ಳಬೇಕು. ಎಡಗೈ, ದವಡೆಗೆ ಹರಡುವ ನೋವು, ಕೆಲಸ ಮಾಡಿದಾಗ ಹೆಚ್ಚುವ ನೋವು, ಸಕ್ಕರೆ ಕಾಯಿಲೆ, ಧೂಮಪಾನ ಇದ್ದವರು ಪ್ರಶ್ನಾವಳಿ ಹಿಡಿದು ಕೂರದೆ 108ಕ್ಕೆ ಕರೆ ಮಾಡಬೇಕು. ಥೈರಾಯ್ಡ್ ಹೆಚ್ಚಾಗಿದ್ದರೂ, ರಕ್ತಹೀನತೆ ಇದ್ದರೂ, ಸಕ್ಕರೆ ಅಂಶ ತೀರಾ ಇಳಿದರೂ ಎದೆ ಇದೇ ರೀತಿ ಬಡಿದುಕೊಳ್ಳುತ್ತದೆ. ದಿನವೂ ಕುಡಿಯುವವರಿಗೆ ಕುಡಿತ ತಪ್ಪಿದ ಬೆಳಗ್ಗೆ ಬರುವ ನಡುಕವೂ ಇದನ್ನೇ ಹೋಲುತ್ತದೆ. ಭಯ ಅಡಗಿಸಲು ಸಂಜೆ ಒಂದು ಕ್ವಾರ್ಟರ್ ಹಾಕುವವರು ಭಯವನ್ನೇ ಸಾಕುತ್ತಿದ್ದಾರೆ. ಹಾಳೆಯ ಸರದಿ ಈ ಪರೀಕ್ಷೆಗಳ ನಂತರವೇ.

ಕೋಲಾರಕ್ಕೆ ಈ ವಿಷಯದಲ್ಲಿ ಒಂದು ಹಕ್ಕಿನ ಮಾತಿದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಾಯೋಗಿಕ ಅಧ್ಯಯನ ನಡೆದದ್ದು ಕೋಲಾರ ಜಿಲ್ಲೆಯಲ್ಲಿ. ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಅನುಭವಿಸುತ್ತಿದ್ದಾರೆಂದು ಆ ಸಮೀಕ್ಷೆ ಕಂಡಿತು. ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆಯೇ ಮುಟ್ಟಿರಲಿಲ್ಲ. ದೇಶವನ್ನು ಅಳೆಯುವ ಕೋಲನ್ನು ಮೊದಲು ಪರೀಕ್ಷಿಸಿ ನೋಡಿದ ಜಿಲ್ಲೆಗೆ ಆ ಅಳತೆಯ ಫಲ ಮೊದಲು ಸಿಗಬೇಕಿತ್ತು.

ಫಲ ಅಂದರೆ ದೊಡ್ಡ ಕಟ್ಟಡವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಯೋಜನೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ, ಹಗಲು ರಾತ್ರಿ ಮಾತನಾಡಬಹುದು. ಕೊರತೆ ಇರುವುದು ಇಸಿಜಿ ಕೋಣೆಯಿಂದ ಮಂಗಳವಾರದ ಕೋಣೆಗೆ ಹೋಗುವ ನಡುವೆ. ಹೃದಯ ಜ್ಯೋತಿಯ ಪ್ರತಿ ಕೇಂದ್ರದಲ್ಲೂ ಇಸಿಜಿ ಸರಿಯಿದ್ದು ಮನೆಗೆ ಹೊರಟವರ ಕೈಗೆ ಈ ಹಾಳೆ ಕೊಡಲಿ. ಅದರ ಕೆಳಗೆ ಕ್ಲಿನಿಕ್ಕಿನ ದಿನ, ಕೋಣೆಯ ಸಂಖ್ಯೆ, 14416 ಇರಲಿ. ಮುದ್ರಣಕ್ಕೆ ಖರ್ಚಾಗುವುದು ಒಂದು ಇಸಿಜಿ ಕಾಗದಕ್ಕಿಂತ ಹೆಚ್ಚೇನಲ್ಲ.

ಅಷ್ಟು ದೂರ ಬಂದವರಿಗೆ ಚಿಕಿತ್ಸೆ ನಿಜಕ್ಕೂ ಇದೆ. ಹೆದರಿ ಬಿಟ್ಟ ಕೆಲಸಗಳನ್ನು ಹಂತ ಹಂತವಾಗಿ ಮತ್ತೆ ಮಾಡಿಸುವ, ಮೈಯ ಸೂಚನೆಗಳನ್ನು ಬೇರೆಯಾಗಿ ಓದಲು ಕಲಿಸುವ ಮಾತಿನ ಚಿಕಿತ್ಸೆಯಿಂದ, ಕೆಲವು ವಾರಗಳಲ್ಲಿ ಪರಿಣಾಮ ತೋರುವ ಎಸ್ಎಸ್ಆರ್‌ಐ ಮಾತ್ರೆಗಳಿಂದ ಬಹಳ ಜನ ಗುಣವಾಗುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಪಡೆಯುವ ನಿದ್ದೆ ಮಾತ್ರೆ ಆ ಕ್ಷಣಕ್ಕೆ ಹಾಯೆನಿಸಿದರೂ ಅದಕ್ಕೇ ಅಂಟಿಕೊಳ್ಳುವ ಅಪಾಯವಿದೆ.

ಒಂದು ಎಚ್ಚರ ಮಾತ್ರ ಕಡ್ಡಾಯ. ತುಂಬಿದ ಹಾಳೆ ಕಾರ್ಖಾನೆಯ ಎಚ್‌ಆರ್ ಮೇಜಿಗೂ ಹೋಗಬಾರದು, ಹೆಣ್ಣು ನೋಡಲು ಬಂದವರ ಕಿವಿಗೂ ಬೀಳಬಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ಹೆಸರು ಬರೆಯದೆ ತುಂಬಿ, ತಾವೇ ಇಟ್ಟುಕೊಂಡು, ವೈದ್ಯರಿಗಷ್ಟೇ ತೋರಿಸುವ ಹಾಗಿರಲಿ. ಚಿಕಿತ್ಸೆ ಶುರುವಾಗಿ ಕೆಲವು ವಾರವಾದ ಮೇಲೆ ಅದೇ ಏಳು ಪ್ರಶ್ನೆಗಳನ್ನು ಮತ್ತೆ ಕೇಳಲಿ. ಅಟ್ಯಾಕ್ ಎಷ್ಟು ಕಡಿಮೆಯಾಯಿತು ಎಂಬ ಸಂಖ್ಯೆಯ ಪಕ್ಕದಲ್ಲೇ, ಕೋಲಾರದ ಬಸ್ಸು ಒಬ್ಬರೇ ಹತ್ತಿದರೇ ಎಂಬುದನ್ನೂ ವೈದ್ಯರು ಒಪಿಡಿ ಚೀಟಿಯಲ್ಲಿ ಬರೆದಿಡಲಿ.