ಮುಳ್ಳು ಅಲ್ಲಾಡಿದ್ರೆ ರೆಗ್ಯುಲೇಟರ್ ಸರಿಯಿದೆ ಅಂತಲ್ಲ

ರಾಗಿ ಒಕ್ಕಣೆ ಮುಗಿದ ಮಾರನೇ ದಿನ ಟ್ರ್ಯಾಕ್ಟರ್ ಏರ್ ಫಿಲ್ಟರ್ ಬಿಚ್ಚಿ ಧೂಳು ಹೊಡೆಯೋದು ನಮ್ಮನೇಲಿ ರೂಢಿ. ಈ ಸಲ ಆ ಕೆಲಸ ತಮ್ಮನ ಮಗನಿಗೆ ಬಿಟ್ಟಿದ್ದೆ. ಸಂಜೆ ಫಿಲ್ಟರ್ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿದ್ರೆ ಕಾಗದದ ಮಡಿಕೆಯಲ್ಲಿ ಎರಡು ಕಡೆ ಸೂಜಿಯಷ್ಟು ಬೆಳಕು ಹೊರಗೆ ಬರ್ತಿದೆ. ಹರಿದಿದೆ.

"ಎಷ್ಟಕ್ಕಿಟ್ಟು ಹೊಡೆದ್ಯೋ?" ಅಂದೆ. "ಮೂವತ್ತಕ್ಕೇ ಇಟ್ಟಿದ್ದೆ ದೊಡ್ಡಪ್ಪ, ನೀವು ಹೇಳ್ದಂಗೇ" ಅಂದ. ನಾನು ನಂಬಲಿಲ್ಲ. ಕಣದಲ್ಲಿ ನಾಲ್ಕು ಜನ ಇದ್ರು, ಅವರೆದುರಿಗೇ ಬೈದೆ. ಹುಡುಗ ಊಟಕ್ಕೂ ಬರಲಿಲ್ಲ.

ಬೆಳಿಗ್ಗೆ ನಾನೇ ಕಂಪ್ರೆಸರ್ ಆನ್ ಮಾಡ್ದೆ. ಟ್ಯಾಂಕ್ 110 ಪಿಎಸ್‌ಐ ತುಂಬಿ ಮೋಟರ್ ತಾನಾಗೇ ನಿಂತಿತು. ರೆಗ್ಯುಲೇಟರ್ ನಾಬ್ ತಿರುಗಿಸಿ 30ಕ್ಕೆ ಇಟ್ಟೆ, ಮುಳ್ಳು ಸರಿಯಾಗೇ ನಿಂತಿತು. ಹಸು ಹಾಲು ಕರೆದು ವಾಪಸ್ ಬಂದು ನೋಡ್ತೀನಿ, ಮುಳ್ಳು 90ರ ಹತ್ತಿರ ಇದೆ! ಯಾರೂ ನಾಬ್ ಮುಟ್ಟಿಲ್ಲ. ಗನ್ ಒತ್ತಿದೆ, ಮೊದಲು ಪಟಾರ್ ಅಂತ ಹೊಡೆದು ಆಮೇಲೆ ಮುಳ್ಳು ಇಳಿದು 30ಕ್ಕೆ ಬಂತು. ಹುಡುಗ ಸುಳ್ಳು ಹೇಳಿರಲಿಲ್ಲ. ಅವನು ಫಿಲ್ಟರ್ ಬಿಚ್ಚಿ ಕೊಡವೋ ಹೊತ್ತಿಗೆ ಪೈಪಿನಲ್ಲಿ ಒತ್ತಡ ಏರಿತ್ತು, ಮೊದಲನೇ ಏಟಿಗೇ ಕಾಗದ ಹರಿದಿತ್ತು.

ಇದೇ ರೆಗ್ಯುಲೇಟರನ್ನ ಹಿಂದೊಂದು ಸಲ ಪಟ್ಟಣದ ಅಂಗಡಿಯವರಿಗೆ ತೋರಿಸಿದ್ದೆ. ಗನ್ ಒತ್ತಿ ಹಿಡಿದು, ನಾಬ್ ಹಿಂದೆ ಮುಂದೆ ತಿರುಗಿಸಿ, "ಮುಳ್ಳು ಆಡ್ತಿದೆಯಲ್ಲ ಸಾರ್, ಚೆನ್ನಾಗಿದೆ" ಅಂದಿದ್ರು. ನನ್ನ ತಕರಾರು ಇಲ್ಲೇ. ಗಾಳಿ ಹೋಗ್ತಿರುವಾಗ ನೋಡಿದ್ರೆ ಈ ರೋಗ ಕಾಣೋದೇ ಇಲ್ಲ. ನಾವೆಲ್ಲ ಮಾಡೋ ಪರೀಕ್ಷೆ ಅದೊಂದೇ, ನಾನೂ ಅಷ್ಟೇ ಮಾಡ್ತಿದ್ದೆ.

ರೆಗ್ಯುಲೇಟರ್ ಒಳಗಿರೋದು ಒಂದು ಸ್ಪ್ರಿಂಗು, ಒಂದು ರಬ್ಬರ್ ಡಯಾಫ್ರಮ್ಮು, ಒಂದು ಚಿಕ್ಕ ವಾಲ್ವು. ನಾಬ್ ಬಿಗಿ ಮಾಡಿದ್ರೆ ಸ್ಪ್ರಿಂಗ್ ಒತ್ತಿ ವಾಲ್ವ್ ತೆರೆಯುತ್ತೆ. ಆಚೆ ಕಡೆ ಒತ್ತಡ ಸಾಕಷ್ಟಾದಾಗ ಅದೇ ಒತ್ತಡ ಡಯಾಫ್ರಮ್ಮನ್ನ ತಳ್ಳಿ ವಾಲ್ವ್ ಮುಚ್ಚುತ್ತೆ. ಆ ವಾಲ್ವ್ ಕೂರೋ ಜಾಗದಲ್ಲಿ ಒಂದು ಚೂರು ಕಸ ಸಿಕ್ಕಿದ್ರೂ ಪೂರ್ತಿ ಮುಚ್ಚೋದಿಲ್ಲ. ಸೋರೋ ನಲ್ಲಿ ಕೆಳಗೆ ಬಿಂದಿಗೆ ಇಟ್ಟಂಗೆ, ನಿಧಾನಕ್ಕೆ ತುಂಬುತ್ತೆ.

ಹಾಗಾಗಿ ಕಾಯೋದೇ ನಿಜವಾದ ಪರೀಕ್ಷೆ ಅಂತ ನಾನು ಹೇಳೋದು. ಟ್ಯಾಂಕ್ ತುಂಬಿಸಿ, 30ಕ್ಕೆ ಇಟ್ಟು, ಗನ್ ಒಂದ್ಸಲ ಒತ್ತಿ ಬಿಡಿ. ಆಮೇಲೆ ಒಂದು ಕಾಲು ಗಂಟೆ ಆ ಕಡೆ ತಲೆ ಹಾಕಬೇಡಿ. ವಾಪಸ್ ಬಂದಾಗ ಮುಳ್ಳು ಒಂದೆರಡು ಗೆರೆ ಏರಿ ನಿಂತಿದ್ರೆ ಚಿಂತೆಯಿಲ್ಲ, ಏರ್ತಾನೇ ಇದ್ರೆ ಕೆಟ್ಟಿದೆ. ಆದರೆ ಪೈಪಿನ ಜಾಯಿಂಟು ಸೋರ್ತಿದ್ರೆ ಏರಿದ ಒತ್ತಡ ಅಲ್ಲೇ ಹೊರಗೆ ಹೋಗಿ ರೋಗ ಮುಚ್ಚಿಹೋಗುತ್ತೆ, ಮೊದಲು ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಕೆಲವು ರೆಗ್ಯುಲೇಟರಲ್ಲಿ ಹೆಚ್ಚಾದ ಗಾಳಿ ನಾಬ್ ಹತ್ತಿರದ ತೂತಿನಿಂದ ಹೊರಗೆ ಹೋಗೋ ವ್ಯವಸ್ಥೆ ಇರುತ್ತೆ. ಅಂಥದ್ರಲ್ಲಿ ನಾಬ್ ಮುಟ್ಟದೇ ಇದ್ರೂ ಬುಸ್ ಅಂತಾನೇ ಇದ್ರೆ ಅದೂ ಕಾಯಿಲೆಯೇ. ನಮ್ಮದ್ರಲ್ಲಿ ಆ ತೂತಿಲ್ಲ. ಇಂಥದ್ರಲ್ಲಿ ಒತ್ತಡ ಇಳಿಸೋಕೆ ನಾಬ್ ಸಡಿಲ ಮಾಡಿದ್ರೆ ಸಾಲದು, ಗನ್ ಒತ್ತಿ ಗಾಳಿ ಬಿಟ್ಟು, ಕೆಳಗಿಂದ ಮೇಲಕ್ಕೆ ಸೆಟ್ ಮಾಡಬೇಕು.

ಗೇಜನ್ನೂ ಕುರುಡಾಗಿ ನಂಬಬೇಡಿ. ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬರದಿದ್ರೆ ಅದರ ಯಾವ ಲೆಕ್ಕವೂ ಲೆಕ್ಕವಲ್ಲ. ಗನ್ ಒತ್ತಿದಾಗ ಒತ್ತಡ ಸ್ವಲ್ಪ ಬೀಳೋದು ಸಹಜ. ಪೂರಾ ಕುಸಿದ್ರೆ ರೆಗ್ಯುಲೇಟರಿಗೇ ಬೈಯೋ ಮೊದಲು ಅದರ ಪಕ್ಕದ ಫಿಲ್ಟರ್ ಕಟ್ಟಿದೆಯಾ, ಪೈಪು ಸಣ್ಣದಾಯ್ತಾ ನೋಡಿ.

"ಒಂದು ಫಿಲ್ಟರಿಗೆ ಇಷ್ಟು ರಾಮಾಯಣವಾ?" ಅಂತ ಕೇಳ್ಬಹುದು. ಟಾರ್ಚ್ ಇಟ್ಟು ನೋಡದೇ ಹಾಕಿದ್ರೆ ಮುಂದಿನ ಉಳುಮೆಯ ಧೂಳೆಲ್ಲ ನೇರ ಎಂಜಿನ್ನಿಗೆ. ಫಿಲ್ಟರಿಗೆ ನೂರಾರು ರೂಪಾಯಿ, ಎಂಜಿನ್ ಬಿಚ್ಚಿದ್ರೆ ಹತ್ತಾರು ಸಾವಿರ. ಇನ್ನೊಂದು ವಿಷ್ಯ. ಗಾಳಿ ಹೊಡೆದು ಕ್ಲೀನ್ ಮಾಡೋವಾಗ 30 ಪಿಎಸ್‌ಐಗಿಂತ ಕಮ್ಮಿ ಇರಬೇಕು ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲೇ ಇದೆ. ನಮ್ಮ ಹುಡುಗರು ಕೆಲಸ ಮುಗಿದ ಮೇಲೆ ಅಂಗಿ ಮೇಲಿನ ಧೂಳಿಗೂ, ತಲೆಗೂದಲಿಗೂ ಅದೇ ಗನ್ ತಿರುಗಿಸ್ತಾರೆ. ಮಾಡಬಾರದ ಕೆಲಸ ಅದು. ಬೇಡ ಅಂದ್ರೂ ಮಾಡ್ತಾರೆ. ಆ ಮೊದಲ ಏಟು ಕಣ್ಣಿಗೋ ಕಿವಿಗೋ ಬಿದ್ದಿದ್ರೆ? ನಮ್ಮ ಕಂಪ್ರೆಸರ್ ಬೀದಿಯ ಅರ್ಧ ಮನೆಗೆ ಹೋಗಿಬರುತ್ತೆ. ಎರವಲು ಕೊಡೋ ಮೊದಲು ಪರೀಕ್ಷೆ ಮಾಡೋದು ಕೊಡೋನ ಕೆಲಸ, ತಗೊಂಡೋನದಲ್ಲ.

ಟ್ಯಾಂಕಿನ ಗಾಳಿಯೆಲ್ಲ ಖಾಲಿ ಮಾಡಿ, ಪ್ಲಗ್ ಕಿತ್ತು, ಹಳೇ ರೆಗ್ಯುಲೇಟರ್ ಬಿಚ್ಚಿದೆ. ವಾಲ್ವಿನ ರಬ್ಬರಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ತುಕ್ಕಿನ ಚೂರು ಕೂತಿತ್ತು, ರಬ್ಬರ್ ಕಚ್ಚಿಹೋಗಿತ್ತು. ತುಕ್ಕು ಬಂದದ್ದು ಟ್ಯಾಂಕಿನಿಂದ. ಟ್ಯಾಂಕಿನ ಅಡಿಯ ವಾಲ್ವ್ ತೆರೆದು ನೀರು ಬಿಡೋದು ನನ್ನ ಕೆಲಸ, ಮಳೆಗಾಲ ಪೂರ್ತಿ ಬಿಟ್ಟಿರಲಿಲ್ಲ.

ಹೊಸದು ಹಾಕಿದ್ದಾಯ್ತು. ಕಣದಲ್ಲಿ ಬೈದಿದ್ದೆನಲ್ಲ, ತುಕ್ಕಿನ ಚೂರನ್ನ ಅಂಗೈ ಮೇಲಿಟ್ಕೊಂಡು ಅದೇ ನಾಲ್ಕು ಜನರ ಮುಂದೆ ಹುಡುಗನಿಗೆ ತೋರಿಸಿ "ತಪ್ಪು ನಂದೇ ಕಣೋ" ಅಂದೆ. ಅವನೇನೂ ಮಾತಾಡಲಿಲ್ಲ. ಮಧ್ಯಾಹ್ನ ನೋಡಿದ್ರೆ ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ: "ದೊಡ್ಡಪ್ಪ, ಭಾನುವಾರ ನೀರು ಬಿಡಿ."