ಕೀಟ ತಿನ್ನುವ ಗಿಡ: ಸಾಕಿರಿ, ಕಿತ್ತು ತರಬೇಡಿರಿ

ಕೀಟವು ಗಿಡವನ್ನು ತಿನ್ನುವುದು ರೈತರ ದಿನನಿತ್ಯದ ಅನುಭವ. ಗಿಡವೇ ಕೀಟವನ್ನು ತಿನ್ನುವುದೂ ಉಂಟು. ಇಂಥ ಗಿಡಗಳು ನಮ್ಮ ರಾಜ್ಯದಲ್ಲಿಯೇ ಇವೆ. ಇವುಗಳನ್ನು ಕುಂಡಗಳಲ್ಲಿ ಸಾಕುವ ಹವ್ಯಾಸಿಗಳೂ ಇದ್ದಾರೆ. ಹವ್ಯಾಸ ಒಳ್ಳೆಯದೇ. ಆದರೆ ಗಿಡವನ್ನು ಹುಟ್ಟಿದ ನೆಲದಿಂದ ಕಿತ್ತು ತಂದು ಕುಂದಗೋಳದ ಎರೆಮಣ್ಣಿನಲ್ಲಿ ನೆಡುವುದು ಸರ್ವಥಾ ಸಲ್ಲದೆಂಬುದು ನನ್ನ ಖಚಿತ ಅಭಿಪ್ರಾಯ. ಅದರಿಂದ ಗಿಡವೂ ಉಳಿಯದು, ಅದರ ಮೂಲನೆಲೆಯೂ ಬರಿದಾಗುವುದು.

ಗಿಡವೇಕೆ ಕೀಟ ತಿನ್ನುತ್ತದೆ?

ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋದಂತೆ ಎರೆಭೂಮಿ ಹಿಂದೆ ಸರಿದು ಕೆಂಪು ನೆಲ, ಜಂಬಿಟ್ಟಿಗೆ ಕಲ್ಲಿನ ನೆಲ ಕಾಣಸಿಗುತ್ತವೆ. ಜಂಬಿಟ್ಟಿಗೆ ನೆಲದ ಸಾರವನ್ನು ಜೋರು ಮಳೆ ತೊಳೆದೊಯ್ಯುತ್ತದೆ. ಸಾರಜನಕವಂತೂ ಬಹಳ ಕಡಿಮೆ. ಮಳೆಗಾಲದಲ್ಲಿ ನೀರು ಜಿನುಗುವ ಇಂಥ ಬಡ ನೆಲದಲ್ಲಿ ಬೇರು ಒದಗಿಸಲಾರದ ಸಾರಜನಕವನ್ನು ಈ ಗಿಡಗಳು ಕೀಟದ ದೇಹದಿಂದ ಪಡೆಯುತ್ತವೆ. ಚಾರ್ಲ್ಸ್ ಡಾರ್ವಿನ್ನನು ಇವುಗಳ ಮೇಲೆ ಅನೇಕ ಪ್ರಯೋಗ ನಡೆಸಿ 1875ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಸಾರಜನಕವುಳ್ಳ ಹಾಲು, ಮಾಂಸ, ಮೊಟ್ಟೆಯ ಬಿಳಿಭಾಗಗಳಿಗೆ ಎಲೆ ಬಾಗಿತು. ಸಕ್ಕರೆ, ಎಣ್ಣೆಗಳಿಗೆ ಬಾಗಲಿಲ್ಲ. ಆತನ ಮಗ ಫ್ರಾನ್ಸಿಸ್ 1878ರಲ್ಲಿ, ಆಹಾರ ಕೊಟ್ಟ ಗಿಡಗಳು ಹೆಚ್ಚು ಬೀಜ ಕಟ್ಟುತ್ತವೆಂದು ತೋರಿಸಿಕೊಟ್ಟನು.

ಗುರುತಿಸುವ ಬಗೆ

ಅಂಟುವ ಗಿಡವೆಲ್ಲ ಕೀಟಾಹಾರಿಯಲ್ಲ. ಕಡಲೆ ಬೆಳೆಯುವ ನಿಮಗೆ ಇದು ಸುಲಭವಾಗಿ ತಿಳಿದೀತು. ಕಡಲೆಯ ಎಲೆಯ ಮೇಲಿನ ರೋಮಗಳು ಹುಳಿಯನ್ನು ಸ್ರವಿಸುತ್ತವೆ; ರಾತ್ರಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿಕೊಳ್ಳುವ ರೂಢಿಯೂ ಇದೆ. ಆದರೆ ಕಡಲೆ ಯಾವ ಕೀಟವನ್ನೂ ತಿನ್ನುವುದಿಲ್ಲ. ಕಾಯಿಕೊರಕವೇ ಅದನ್ನು ತಿನ್ನುತ್ತದೆ. ನಾಯಿಸಾಸಿವೆ, ತಂಬಾಕುಗಳ ಅಂಟಿಗೆ ಸಣ್ಣ ನೊಣ ಸಿಕ್ಕಿ ಸತ್ತರೂ ಎಲೆ ಮಡಚುವುದಿಲ್ಲ.

ನಿಜವಾದ ಇಬ್ಬನಿ ಗಿಡದಲ್ಲಿ, ಅಂದರೆ ಡ್ರಾಸೆರಾದಲ್ಲಿ, ಎಲೆಯ ತುಂಬ ಕೆಂಪು ಕಡ್ಡಿಗಳಿದ್ದು, ಪ್ರತಿಯೊಂದರ ತುದಿಗೂ ಹೊಳೆಯುವ ಅಂಟಿನ ಹನಿಯಿರುತ್ತದೆ. ಕೀಟ ಸಿಕ್ಕೊಡನೆ ಕಡ್ಡಿಗಳು ಅದರ ಕಡೆಗೆ ಬಾಗುತ್ತವೆ. ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿಗಳನ್ನು ನೆನಪಿಡಿರಿ. ನೆಲಕ್ಕೆ ಅಂಟಿಕೊಂಡು ನಾಣ್ಯದಂತೆ ದುಂಡಗೆ ಹರಡಿದ್ದು ಡ್ರಾಸೆರಾ ಬರ್ಮಾನಿ. ನೆಟ್ಟಗೆ ನಿಂತು ದಾರದಂಥ ಎಲೆ ಬಿಡುವುದು ಡ್ರಾಸೆರಾ ಇಂಡಿಕಾ.

ಮೂರನೆಯದು ಯುಟ್ರಿಕುಲೇರಿಯಾ. ಇದನ್ನು ಗುಳ್ಳೆ ಗಿಡವೆನ್ನಬಹುದು. ತೇವದ ನೆಲದಲ್ಲಿ ಸಣ್ಣ ನೇರಳೆ ಅಥವಾ ಹಳದಿ ಹೂ ಮಾತ್ರ ಕಣ್ಣಿಗೆ ಬೀಳುತ್ತದೆ. ಬಲೆಯಿರುವುದು ಮಣ್ಣಿನೊಳಗೆ ಅಥವಾ ನೀರಿನೊಳಗೆ, ಸಾಸಿವೆಗಿಂತ ಚಿಕ್ಕ ಗುಳ್ಳೆಗಳ ರೂಪದಲ್ಲಿ. ಸೂಕ್ಷ್ಮಜೀವಿ ತಾಗಿದೊಡನೆ ಗುಳ್ಳೆಯ ಬಾಗಿಲು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತೆರೆದು ಅದನ್ನು ಒಳಗೆಳೆದುಕೊಳ್ಳುತ್ತದೆ.

ಕುಂದಗೋಳದಲ್ಲಿ ಸಾಕುವ ಬಗೆ

ನಮ್ಮ ಎರೆಮಣ್ಣು ಹತ್ತಿಗೆ, ಕಡಲೆಗೆ, ಬ್ಯಾಡಗಿ ಮೆಣಸಿನಕಾಯಿಗೆ ಒಪ್ಪುತ್ತದೆ. ಆದರೆ ಅದರಲ್ಲಿ ಸುಣ್ಣದ ಹರಳುಗಳಿವೆ, ಕ್ಷಾರಗುಣವಿದೆ. ಹುಳಿ ಮಣ್ಣಿಗೆ ಒಗ್ಗಿದ ಈ ಗಿಡಗಳಿಗೆ ಅದು ವಿಷಕ್ಕೆ ಸಮಾನ. ಉಪ್ಪಿನಂಶವುಳ್ಳ ಕೊಳವೆಬಾವಿಯ ನೀರೂ ಹಾಗೆಯೇ. ಆದ್ದರಿಂದ ಸಾಕುವವರು ಹೀಗೆ ಮಾಡಬೇಕು:

1. ಗಿಡವನ್ನಲ್ಲ, ಬೀಜವನ್ನು ಪಡೆಯಿರಿ. ಸಾಕಿದವರ ಕುಂಡದ ಬೀಜವೇ ಉತ್ತಮ. ಈ ಎರಡೂ ಇಬ್ಬನಿ ಗಿಡಗಳು ತಮ್ಮಷ್ಟಕ್ಕೇ ಬೀಜ ಕಟ್ಟುತ್ತವೆ.

2. ಪ್ಲಾಸ್ಟಿಕ್ ಕುಂಡದಲ್ಲಿ, ಚೆನ್ನಾಗಿ ತೊಳೆದ ಮರಳು ಹಾಗೂ ಉಪ್ಪು ಹೋಗುವಂತೆ ಹಲವು ಸಲ ತೊಳೆದ ತೆಂಗಿನ ನಾರಿನ ಪುಡಿಯನ್ನು ಸಮಪ್ರಮಾಣದಲ್ಲಿ ತುಂಬಿರಿ. ಸಿಮೆಂಟಿನ ಕುಂಡ ಬೇಡ. ಅದು ಸುಣ್ಣ ಬಿಡುತ್ತದೆ.

3. ಮುಂಗಾರಿನ ಆರಂಭದಲ್ಲಿ ಬೀಜವನ್ನು ಮೇಲೆಯೇ ಉದುರಿಸಿರಿ, ಮಣ್ಣು ಮುಚ್ಚಬೇಡಿರಿ. ಅದು ಧೂಳಿನಷ್ಟು ಸಣ್ಣದು.

4. ಕುಂಡವನ್ನು ಒಂದು ಅಂಗುಲ ಮಳೆನೀರು ನಿಂತ ತಟ್ಟೆಯಲ್ಲಿ, ಬಿಸಿಲು ಬೀಳುವಲ್ಲಿ ಇಡಿರಿ. ಮಾಳಿಗೆಯ ಮಳೆನೀರನ್ನು ಪ್ಲಾಸ್ಟಿಕ್ ಪೀಪಾಯಿಯಲ್ಲಿ ಹಿಡಿದಿಟ್ಟರೆ ಸಾಕು.

5. ಯೂರಿಯಾ, ಡಿಎಪಿ, ಸೆಗಣಿ ಗೊಬ್ಬರ ಯಾವುದನ್ನೂ ಹಾಕಬಾರದು. ಮಾಂಸದ ಚೂರನ್ನೂ ಇಡಬಾರದು, ಎಲೆ ಕೊಳೆಯುತ್ತದೆ. ಕೀಟಗಳು ತಾವಾಗಿಯೇ ಬರುತ್ತವೆ.

ಬೀಜ ಬಲಿತ ಮೇಲೆ ಗಿಡ ಒಣಗಿದರೆ ಕಂಗೆಡಬೇಡಿರಿ. ಇಬ್ಬನಿ ಗಿಡದ ಈ ಎರಡೂ ಜಾತಿಗಳ ಆಯುಷ್ಯ ಸಾಮಾನ್ಯವಾಗಿ ಒಂದೇ ಹಂಗಾಮು. ಬೀಜವನ್ನು ಕಾಗದದಲ್ಲಿ ಕಟ್ಟಿಟ್ಟು ಮರುವರ್ಷ ಬಿತ್ತಿರಿ. ಈ ಕಾರಣಕ್ಕಾಗಿಯೇ ಹೂ ಬಿಟ್ಟ ಗಿಡವನ್ನು ಕೀಳಬಾರದೆನ್ನುವುದು: ಬೀಜ ಉದುರುವ ಮೊದಲೇ ಕಿತ್ತರೆ ಮುಂದಿನ ವರ್ಷದ ಬೆಳೆಯನ್ನೇ ಕಿತ್ತಂತೆ. ಇನ್ನು ಮೇಘಾಲಯದ ಹೂಜಿ ಗಿಡವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತವಾಗಿದೆ. ಹೂಜಿ ಗಿಡ ಕೊಳ್ಳುವವರು ಅದು ಸಸ್ಯಾಗಾರದಲ್ಲಿ ಬೆಳೆಸಿದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಇದರಿಂದ ಲಾಭವೇನು?

ಮೆಣಸಿನಕಾಯಿಯ ಥ್ರಿಪ್ಸ್ ನುಸಿಗೆ ಈ ಗಿಡ ಮದ್ದಾದೀತೆಂದು ಆಶಿಸಬೇಡಿರಿ. ಒಂದು ಕುಂಡ ಹಿಡಿಯುವುದು ಬೆರಳೆಣಿಕೆಯ ನೊಣ, ಇರುವೆಗಳನ್ನಷ್ಟೇ. ಲಾಭ ಬೇರೆಯದು. ಬೇರು, ಮಣ್ಣು, ಸಾರಜನಕಗಳ ಸಂಬಂಧವನ್ನು ಶಾಲೆಗೆ ಹೋಗುವ ನಿಮ್ಮ ಮಕ್ಕಳು ಒಂದೇ ಕುಂಡದಲ್ಲಿ ಕಣ್ಣಾರೆ ಕಾಣುವರು. ನೀರಿನ ಉಪ್ಪು ಗಿಡಕ್ಕೆ ಏನು ಮಾಡುತ್ತದೆಂಬುದೂ ತಿಳಿಯುವುದು; ಹೊಲಕ್ಕೆ ಹಾಯಿಸುವ ನೀರನ್ನೊಮ್ಮೆ ಪರೀಕ್ಷೆ ಮಾಡಿಸುವ ಬುದ್ಧಿಯೂ ಹುಟ್ಟೀತು.

ಮಣ್ಣಿನ ಫಲವತ್ತತೆ ಹೆಚ್ಚಿಸುವುದೇ ಬೇಸಾಯ ಶಾಸ್ತ್ರದ ಕೆಲಸ. ಆದರೂ ಹೇಳುತ್ತೇನೆ, ಎಲ್ಲ ನೆಲವನ್ನೂ ಫಲವತ್ತು ಮಾಡಬೇಕೆಂದಿಲ್ಲ. ಉತ್ತರ ಕನ್ನಡದ ಎಷ್ಟೋ ಜಂಬಿಟ್ಟಿಗೆ ಬಯಲುಗಳನ್ನು ಬರಡೆಂದು ಬಗೆದು ಅಕೇಶಿಯಾ ನೆಡಲಾಯಿತು. ನೆರಳು ಬಿದ್ದು, ತರಗೆಲೆ ಮುಚ್ಚಿಕೊಂಡ ಕಡೆ ಬಿಸಿಲು ಬೇಡುವ ಈ ಪುಟ್ಟ ಗಿಡಗಳಿಗೆ ಎಡೆಯೆಲ್ಲಿ? ಮೇಲಿನ ಹೊಲದ ಗೊಬ್ಬರದ ನೀರು ಹರಿದು ಬಂದರೂ ಹುಲ್ಲು ಸೊಕ್ಕಿ ಇವು ಅಳಿಯುತ್ತವೆ. ಬಡ ನೆಲವೆಂದರೆ ಕೆಟ್ಟ ನೆಲವಲ್ಲ. ಅಲ್ಲಿಯೂ ತನ್ನದೇ ಒಕ್ಕಲಿದೆ.

ಆದ್ದರಿಂದ ರೈತ ಬಾಂಧವರೇ, ಮನೆಯ ಮಾಳಿಗೆಯ ಮೇಲೆ ಒಂದು ಕುಂಡ ಇಡಿರಿ, ಬೀಜವನ್ನು ನೆರೆಯವರಿಗೂ ಹಂಚಿರಿ. ನಿಮ್ಮ ಅಥವಾ ಬಂಧುಗಳ ಜಮೀನಿನಲ್ಲಿ ಇಂಥ ಜಿನುಗು ನೆಲವೊಂದು ತುಂಡು ಇದ್ದರೆ ಅದನ್ನು ಅಗೆಯದೆ, ಗೊಬ್ಬರ ಹಾಕದೆ, ಇದ್ದಂತೆಯೇ ಬಿಡಿರಿ.