ಕಲ್ಲಿನ ಗೆರೆ, ನೆಲದ ಗೆರೆ

ಕ್ರೋಧವು ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ನೋಡಿ ಅದರ ತೀವ್ರತೆಯನ್ನು ಅಳೆಯುವುದು ಜೈನ ಕರ್ಮಶಾಸ್ತ್ರದ ಕ್ರಮ. ಸಂಜ್ವಲನ ಕ್ರೋಧವು ನೀರಿನ ಮೇಲೆ ಎಳೆದ ಗೆರೆ; ಅಂತರ್ಮುಹೂರ್ತದಲ್ಲಿ ಅಳಿಯುತ್ತದೆ. ಪ್ರತ್ಯಾಖ್ಯಾನಾವರಣವು ಧೂಳಿನ ಗೆರೆ. ಒಂದು ಪಕ್ಷ ಇರುತ್ತದೆ. ಅಪ್ರತ್ಯಾಖ್ಯಾನಾವರಣವು ನೆಲದ ಗೆರೆ. ಅದರ ಮಿತಿ ಆರು ತಿಂಗಳು. ಅದನ್ನೂ ಮೀರಿ ಭವಭವಗಳಿಗೆ ಬೆನ್ನು ಹತ್ತುವುದು ಅನಂತಾನುಬಂಧಿ, ಕಲ್ಲಿನಲ್ಲಿ ಕೊರೆದ ಗೆರೆ. ಜೀವರ ವಿಷಯದಲ್ಲಿ ಹೇಳಿದ ಈ ಅಳತೆಯನ್ನು ರಾಷ್ಟ್ರಗಳ ವೈರಕ್ಕೂ ಹಿಡಿದು ನೋಡಬಹುದು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ರೈತರ ಮನೆಗಳಲ್ಲಿ ನಡೆದ ಸಂಗತಿ ಅದಕ್ಕೆ ತಕ್ಕ ನಿದರ್ಶನ.

ಯುರೋಪಿನಲ್ಲಿ ಯುದ್ಧ 1945ರ ಮೇ ತಿಂಗಳಲ್ಲಿ ಮುಗಿಯಿತು. ಸೆರೆಸಿಕ್ಕ ಜರ್ಮನ್ ಸೈನಿಕರಿಗೆ ಮಾತ್ರ ಬಿಡುಗಡೆಯಾಗಲಿಲ್ಲ. 1946ರಲ್ಲಿ ಬ್ರಿಟನ್ನಿನ ಶಿಬಿರಗಳಲ್ಲಿ ಸುಮಾರು 4 ಲಕ್ಷ ಸೆರೆಯಾಳುಗಳಿದ್ದರು. ಆ ದೇಶದ ಬೇಸಾಯದ ಕೆಲಸದಲ್ಲಿ ಐದನೆಯ ಒಂದು ಭಾಗದಷ್ಟು ಅವರಿಂದಲೇ ನಡೆಯುತ್ತಿತ್ತು. ಬಣ್ಣದ ತೇಪೆ ಹಚ್ಚಿದ ಉಡುಪು ತೊಟ್ಟು ಬೆಳಿಗ್ಗೆ ಲಾರಿಯಲ್ಲಿ ಬರುತ್ತಿದ್ದರು, ಆಲೂಗಡ್ಡೆ ಆಯ್ದು, ಸಕ್ಕರೆ ಬೀಟ್‌ಗಡ್ಡೆ ಕಿತ್ತು ಸಂಜೆ ಶಿಬಿರಕ್ಕೆ ಮರಳುತ್ತಿದ್ದರು. ಕೆಲಸಕ್ಕೆ ಬೇಕಾದಷ್ಟೇ ಮಾತು. ಸ್ನೇಹ ಬೆಳೆಸುವುದು ನಿಷಿದ್ಧ. ಆ ನಿಷೇಧವನ್ನು ಸರ್ಕಾರ ಸಡಿಲಿಸಿ, ಸೆರೆಯಾಳುಗಳನ್ನು ಮನೆಗೆ ಕರೆಯಲು ಜನರಿಗೆ ಅನುಮತಿ ನೀಡಿದ್ದು 1946ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ. ಶತ್ರು ಆಯುಧ ಕೆಳಗಿಟ್ಟು ಆಗಲೇ 19 ತಿಂಗಳಾಗಿತ್ತು. ಶಾಸ್ತ್ರದ ಆರು ತಿಂಗಳ ಮಿತಿ ಎಂದೋ ಕಳೆದಿತ್ತು.

ಅಷ್ಟು ಕಾಲ ಕಾಯದ ಮನೆಗಳೂ ಇದ್ದವು. ಒಂದೇ ಸಾಲಿನಲ್ಲಿ ಬಗ್ಗಿ ದುಡಿದವನಿಗೆ ಹಸಿವಾಗಿದೆಯೆಂದು ತಿಳಿಯಲು ಅವನ ಭಾಷೆ ಬರಬೇಕಾಗಿಲ್ಲ. ಯುದ್ಧದ ದಿನಗಳಲ್ಲೂ ಇಲ್ಲದಿದ್ದ ಬ್ರೆಡ್ಡಿನ ಪಡಿತರ ಬ್ರಿಟನ್ನಿನಲ್ಲಿ 1946ರ ಜುಲೈಯಲ್ಲಿ ಜಾರಿಗೆ ಬಂದಿತ್ತು. ಅಳೆದು ಕೊಟ್ಟ ಆ ಬ್ರೆಡ್ಡಿನಲ್ಲೇ ರೈತನ ಹೆಂಡತಿ ಒಂದು ಪಾಲು ತೆಗೆದಿಡುತ್ತಿದ್ದಳು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ಬಂಧವನ್ನು ಮೊದಲಿಗೂ ಅನ್ನಪಾನನಿರೋಧವನ್ನು ಕೊನೆಗೂ ಇಟ್ಟಿದ್ದಾರೆ. ಬಂಧವನ್ನು ಬಿಡಿಸುವ ಅಧಿಕಾರ ಆ ಗೃಹಿಣಿಗೆ ಇರಲಿಲ್ಲ. ಅನ್ನಪಾನಗಳನ್ನು ತಡೆಯದಿರುವುದು ಅವಳ ಕೈಯಲ್ಲಿತ್ತು. ಹಾಗೆಂದು ಎಲ್ಲವೂ ನಿರ್ಮಲವಾಗಿತ್ತೆಂದು ಹೇಳಲಾಗದು. ಮನೆಗೆ ಹೋಗಲು ಸ್ವಾತಂತ್ರ್ಯವಿಲ್ಲದವನ ದುಡಿಮೆಯಿಂದ ಆ ರೈತನಿಗೆ ಲಾಭವಾಗುತ್ತಿತ್ತು. ಊಟಕ್ಕೆ ಕರೆದ ಮಾತ್ರಕ್ಕೆ ಆ ದೋಷ ಹೋಗುವುದಿಲ್ಲ.

ಸೆರೆಯಾಳು ಕೂಡ ಬರಿಗೈಯಲ್ಲಿ ಇರಲಿಲ್ಲ. ಬಿಡುವಿನಲ್ಲಿ ಹಳೆಯ ಮರದ ತುಂಡುಗಳಿಂದ ಆಟಿಕೆ ಮಾಡಿ ಮನೆಯ ಮಕ್ಕಳಿಗೆ ಕೊಡುತ್ತಿದ್ದ. ತನ್ನ ಮಕ್ಕಳು ಬದುಕಿದ್ದಾರೋ ಇಲ್ಲವೋ ಎಂಬ ಸುದ್ದಿಗಾಗಿ ಕಾಯುತ್ತಿದ್ದವರೂ ಅವರಲ್ಲಿದ್ದರು. ಮುಂದೆ ಕೆಲವರಿಗೆ ರೈತನ ಮನೆಯಲ್ಲೇ ವಾಸಿಸಲು ಅವಕಾಶವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಮೈತ್ರಿಯೆಂದರೆ ನಡೆದುದನ್ನು ಒಪ್ಪುವುದಲ್ಲ. ಜರ್ಮನ್ ಆಡಳಿತ ಯಾತನಾಶಿಬಿರಗಳಲ್ಲಿ ನಡೆಸಿದ ಹತ್ಯಾಕಾಂಡದ ಚಿತ್ರಗಳನ್ನು ಸೆರೆಯಾಳುಗಳಿಗೇ ತೋರಿಸಲಾಗಿತ್ತು; ಹಾಗೆ ತೋರಿಸಿದ್ದು ನ್ಯಾಯವೇ. ಆಕ್ರಮಣವನ್ನು ಎದುರಿಸುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ತಿ ತ್ಯಜಿಸಲಾರನೆಂದು ಜೈನಾಚಾರವೂ ಒಪ್ಪುತ್ತದೆ. ಆದರೆ ವಿರೋಧ ನಿಂತ ಮೇಲೂ ವೈರ ಉಳಿದರೆ ಅದನ್ನು ಆತ್ಮರಕ್ಷಣೆಯ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ತಾಯಿಗೆ ಈ ಭೇದ ಸುಲಭದ್ದಲ್ಲ. ಬಾಗಿಲು ತೆರೆಯದ ಮನೆಗಳನ್ನು ದೂಷಿಸುವ ಅಧಿಕಾರ ದೂರದಲ್ಲಿ ಕುಳಿತವರಿಗೆ ಇಲ್ಲ.

ಸೆರೆಯಾಳುಗಳನ್ನು ಸ್ವದೇಶಕ್ಕೆ ಕಳುಹಿಸುವ ಕೆಲಸ 1948ರಲ್ಲಿ ಮುಗಿಯಿತು. ಸುಮಾರು 24,000 ಮಂದಿ ಹೋಗಲೊಪ್ಪದೆ ಬ್ರಿಟನ್ನಿನಲ್ಲೇ ನೆಲೆಸಿದರು. ಮರಳಿದವರಲ್ಲಿ ಹಲವರು ಆ ರೈತರ ಮನೆಗಳಿಗೆ ವರ್ಷಗಟ್ಟಲೆ ಪತ್ರ ಬರೆದರು. ಕೆಲವರು ಮುಂದೆ ಹೆಂಡತಿ ಮಕ್ಕಳನ್ನು ಕರೆತಂದು, ತಾವು ಆಲೂಗಡ್ಡೆ ಆಯ್ದ ಹೊಲವನ್ನು ತೋರಿಸಿದರು.